ಎಲ್ಲಿ ಮನೆ ಮಾಡೋಣ? ನಂಜನಗೂಡು, ತಿ. ನರಸೀಪುರದ ನೆಲ ಹೇಳುವ ಚರಿತ್ರೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಹೊಸ ಊರಿಗೆ ವರ್ಗ ಆಯ್ತು ಅಂದ್ಕೊಳ್ಳಿ. ಇಲ್ಲಾ ಕೆಲಸ ಸಿಕ್ತು, ಮಗಳಿಗೆ ಕಾಲೇಜು ಸಿಕ್ತು. ಮನೆಯಲ್ಲಿ ಮೊದಲು ಏಳೋ ಪ್ರಶ್ನೆ ಒಂದೇ: ಎಲ್ಲಿ ಮನೆ ಮಾಡೋದು? ಅದರ ಹಿಂದೆ ಇನ್ನಷ್ಟು ಪ್ರಶ್ನೆಗಳು ಸಾಲುಗಟ್ಟುತ್ತವೆ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು? ಹೊಳೆ ನೀರು ಬರುತ್ತಾ, ಬೋರ್‌ವೆಲ್ ನೀರಾ? ಬಸ್ ಸ್ಟಾಪ್ ಎಷ್ಟು ದೂರ? ಅಕ್ಕಪಕ್ಕದವರು ಯಾರು? ಈ ಕೊನೆಯ ಪ್ರಶ್ನೆಯನ್ನ ನಾವೂ ಕೇಳ್ತೀವಿ, ಮನೆ ಮಾಲೀಕರೂ ನಮ್ಮನ್ನು ಕೇಳ್ತಾರೆ. ಸ್ವಲ್ಪ ಸುತ್ತಿ ಬಳಸಿ ಕೇಳ್ತಾರೆ, ಅಷ್ಟೇ.

ಇವೆಲ್ಲ ಈ ಕಾಲದ ತಲೆನೋವು ಅಂತ ನಮಗೆ ಅನಿಸಬಹುದು. ಆದರೆ ಮೈಸೂರು ಜಿಲ್ಲೆಯ ಎರಡು ತಾಲ್ಲೂಕುಗಳಲ್ಲಿ, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದಲ್ಲಿ, ಈ ಪ್ರಶ್ನೆಗೆ ಮನುಷ್ಯರು ಸಾವಿರಾರು ವರ್ಷಗಳಿಂದ ಉತ್ತರ ಕೊಡುತ್ತಲೇ ಬಂದಿದ್ದಾರೆ. ರಾಜರು ಕೊಟ್ಟಿದ್ದಾರೆ, ದಂಡನಾಯಕರು ಕೊಟ್ಟಿದ್ದಾರೆ, ಹೆಸರೇ ಉಳಿಯದ ರೈತರು ಕೊಟ್ಟಿದ್ದಾರೆ. ಕೆಲವು ಉತ್ತರ ಮರಳಿನ ಕೆಳಗಿವೆ. ಕೆಲವು ಪ್ರತಿ ಮಳೆಗಾಲ ನೀರಿನ ಕೆಳಗೆ ಹೋಗಿ ಮತ್ತೆ ಮೇಲೆ ಬರುತ್ತವೆ. ಇವತ್ತು ಆ ಉತ್ತರಗಳನ್ನು ಒಂದೊಂದಾಗಿ ನೋಡೋಣ. ನೋಡುವಾಗ ಒಂದು ಪ್ರಶ್ನೆಯನ್ನು ಮಾತ್ರ ಮರೆಯೋದು ಬೇಡ. ಅದೇನಂದ್ರೆ, ಎಲ್ಲಿ ಇರಬೇಕು ಅನ್ನೋದನ್ನ ತೀರ್ಮಾನ ಮಾಡಿದವರು ಯಾರು?

ಸಂಗಮದ ದಡದಲ್ಲಿ ಮೊದಲ ಬಿಡಾರ

ತಿ. ನರಸೀಪುರದಲ್ಲಿ ಕಾವೇರಿ ಮತ್ತು ಕಪಿಲೆ ಕೂಡುತ್ತವೆ. ಕಪಿಲೆಗೆ ಕಬಿನಿ ಅಂತಲೂ ಹೆಸರು. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲೇ ಸೇರುತ್ತದೆ ಅನ್ನೋದು ನಂಬಿಕೆ. ಅದಕ್ಕೇ ಇದು ತ್ರಿವೇಣಿ ಸಂಗಮ. 1989ರಿಂದ ಇಲ್ಲಿ ಕುಂಭಮೇಳವೂ ನಡೆಯುತ್ತಿದೆ. ಹೆಚ್ಚಿನವರಿಗೆ ಈ ಊರು ಗೊತ್ತಿರೋದು ಸಂಗಮದ ಸ್ನಾನ, ಅಗಸ್ತ್ಯೇಶ್ವರ, ಗುಂಜಾ ನರಸಿಂಹಸ್ವಾಮಿ, ಇಷ್ಟರಿಂದ.

ಪುರಾತತ್ವದವರಿಗೆ ಮಾತ್ರ ಈ ಊರು ಬೇರೆ ಕಾರಣಕ್ಕೆ ಮುಖ್ಯ. ಮೈಸೂರು ವಿಶ್ವವಿದ್ಯಾಲಯದ ಪ್ರೊ. ಎಂ. ಶೇಷಾದ್ರಿ ಅವರು 1959ರಿಂದ ಮುಂದಕ್ಕೆ ಇಲ್ಲಿ ಉತ್ಖನನ ನಡೆಸಿದರು. ಸಿಕ್ಕಿದ್ದು ನವಶಿಲಾಯುಗದ ಜನವಸತಿ. ಅಂದರೆ ಸುಮಾರು ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನ ಮಾತು. ನಯಗೊಳಿಸಿದ ಕಲ್ಲಿನ ಕೊಡಲಿಗಳು, ಮಡಕೆ ಕುಡಿಕೆ, ಹೂತಿಟ್ಟ ಅಸ್ಥಿಪಂಜರ, ಇವುಗಳ ಜೊತೆಗೆ ಮಲಗುವಾಗ ಕತ್ತಿಗೆ ಆಸರೆಯಾಗಿ ಇಟ್ಟುಕೊಳ್ಳುವಂಥ ಸುಟ್ಟ ಮಣ್ಣಿನ ಒಂದು ತಲೆದಿಂಬು.

ನನಗೆ ಈ ತಲೆದಿಂಬಿನ ವಿಷಯ ಓದಿದಾಗಲೆಲ್ಲ ಒಂದು ಯೋಚನೆ ಬರುತ್ತೆ. ಬೇಟೆಗೆ ಅಂತ ಬಂದು, ಎರಡು ದಿನ ಇದ್ದು, ಮುಂದೆ ಹೋಗುವವನು ಮಣ್ಣಿನ ತಲೆದಿಂಬು ಮಾಡಿಕೊಂಡು ಕೂರೋದಿಲ್ಲ. ಇದು ಒಂದು ಕಡೆ ನಿಂತವರ ಸಾಮಾನು. ಸತ್ತವರನ್ನು ಹೂಳೋದಕ್ಕೂ ಅವರು ಅದೇ ಜಾಗವನ್ನು ಆರಿಸಿಕೊಂಡರು. ಯಾಕೆ ಇಲ್ಲೇ? ಎರಡು ಹೊಳೆಗಳು ಕೂಡುವ ಜಾಗ. ಬೇಸಗೆಯಲ್ಲೂ ನೀರು ಉಂಟು, ಮೀನು ಉಂಟು, ದನ ಮೇಯಲು ಹುಲ್ಲು ಉಂಟು, ಪ್ರವಾಹ ತಂದು ಹಾಕುವ ಮೆಕ್ಕಲು ಮಣ್ಣು ಉಂಟು. ನೀರಿನ ಅನುಕೂಲ ಹೇಗಿದೆ ಅಂತ ನಾವು ಇವತ್ತು ಕೇಳ್ತೀವಲ್ಲ, ಅದೇ ಪ್ರಶ್ನೆಯನ್ನು ಅವರೂ ಕೇಳಿಕೊಂಡಿದ್ದರು.

ರಾಜ ಆರಿಸಿದ ಊರು

ಸಂಗಮದಿಂದ ಕಾವೇರಿ ಜೊತೆಯಲ್ಲೇ ಕೆಳಗೆ ಹೋದರೆ ಅದೇ ತಾಲ್ಲೂಕಿನ ತಲಕಾಡು ಸಿಗುತ್ತೆ. ಇದು ಒಬ್ಬ ರಾಜ ಹುಡುಕಿ ಆರಿಸಿದ ಊರು.

ಗಂಗರ ಮೊದಲ ರಾಜಧಾನಿ ಕುವಲಾಲ, ಅಂದರೆ ಇವತ್ತಿನ ಕೋಲಾರ. 4ನೇ ಶತಮಾನದ ಕೊನೆಯ ಹೊತ್ತಿಗೆ ಹರಿವರ್ಮ ಎಂಬ ಅರಸ ಅದನ್ನು ಬಿಟ್ಟು ತಲಕಾಡಿಗೆ ಬಂದ ಅನ್ನೋದು ಇತಿಹಾಸಕಾರರ ಲೆಕ್ಕ. ಕೋಲಾರದ ಕಡೆ ಇವತ್ತಿಗೂ ಬದುಕು ನಿಂತಿರೋದು ಕೆರೆಗಳ ಮೇಲೆ. ಮಳೆ ಬಂದರೆ ಕೆರೆ, ಕೆರೆ ತುಂಬಿದರೆ ಬೆಳೆ. ತಲಕಾಡಿನಲ್ಲಿ ಹಾಗಲ್ಲ, ಪಕ್ಕದಲ್ಲೇ ಕಾವೇರಿ. ನದಿ ದೊಡ್ಡದಾಗಿ ತಿರುವು ತಗೊಂಡು ಊರನ್ನು ಬಳಸಿ ಹೋಗುತ್ತದೆ. ಕುಡಿಯೋದಕ್ಕೂ ಅದೇ, ಗದ್ದೆಗೂ ಅದೇ, ಶತ್ರು ಬಂದರೆ ಕಂದಕವೂ ಅದೇ. ಕೋಲಾರದ ಕೆರೆ ನೋಡಿ ಬಂದ ಕಣ್ಣಿಗೆ ಈ ಜಾಗ ಹೇಗೆ ಕಂಡಿರಬಹುದು, ನೀವೇ ಊಹಿಸಿ.

ಆಯ್ಕೆ ಕೆಟ್ಟದೇನೂ ಆಗಿರಲಿಲ್ಲ. ಸುಮಾರು ಆರು ಶತಮಾನ ಅದು ಗಂಗರ ರಾಜಧಾನಿಯಾಗಿತ್ತು. 11ನೇ ಶತಮಾನದ ಆರಂಭದಲ್ಲಿ ಚೋಳರು ಗೆದ್ದು ಅದಕ್ಕೆ ರಾಜರಾಜಪುರ ಅಂತ ಹೆಸರಿಟ್ಟರು. ನೂರು ವರ್ಷ ಕಳೆದ ಮೇಲೆ ಹೊಯ್ಸಳ ವಿಷ್ಣುವರ್ಧನ ಅದನ್ನು ಚೋಳರಿಂದ ಕಿತ್ತುಕೊಂಡ. ಆ ಗೆಲುವು ಎಷ್ಟು ದೊಡ್ಡದಾಗಿತ್ತು ಅಂದರೆ ತನ್ನನ್ನು ‘ತಲಕಾಡುಗೊಂಡ’ ಅಂತ ಕರೆದುಕೊಂಡ, 1117ರ ಸುಮಾರಿಗೆ ಅಲ್ಲಿ ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ. ಮೂರು ರಾಜವಂಶಗಳು ಕಣ್ಣಿಟ್ಟ ಜಾಗ ಅದು.

ಈಗ ಹೋಗಿ ನೋಡಿದರೆ ಆ ಕೀರ್ತಿನಾರಾಯಣನನ್ನು ಕಾಣೋದಕ್ಕೆ ನೀಲಗಿರಿ ಮರಗಳ ನಡುವೆ, ಮರಳಿನ ದಿಬ್ಬ ಹತ್ತಿ, ಮತ್ತೆ ಕೆಳಕ್ಕೆ ಇಳಿಯಬೇಕು. ನಾನು ಹೋದಾಗಲೂ ಹಾಗೇ ಇಳಿದೆ. ಸುತ್ತ ಮರಳಿನ ಗೋಡೆ, ನಡುವೆ ಬಗೆದು ತೆಗೆದ ಗುಡಿ. ಹಳೆಯ ಊರಿನ ಬೀದಿ ನಮ್ಮ ಕಾಲ ಕೆಳಗೆ ಎಲ್ಲೋ ಇದೆ.

ಮರಳು ಬಂದರೂ ಊರು ಬಿಡಲಿಲ್ಲ

ತಲಕಾಡಿನ ಮರಳಿಗೆ ಜನ ಕೊಡುವ ಕಾರಣ ಎಲ್ಲರಿಗೂ ಗೊತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ತೆಗೆದುಕೊಂಡಾಗ ವಿಜಯನಗರದ ಪ್ರತಿನಿಧಿಯ ಮಡದಿ ಅಲಮೇಲಮ್ಮ ಕಾವೇರಿಗೆ ಹಾರುವ ಮೊದಲು ಶಾಪ ಕೊಟ್ಟಳು, ಅದರಿಂದ ತಲಕಾಡು ಮರಳಾಯಿತು, ಎದುರು ದಡದ ಮಾಲಂಗಿ ಮಡುವಾಯಿತು ಅನ್ನೋ ಕಥೆ.

ಕೃಷಿ ವಿಜ್ಞಾನಿಯೂ ಕಥೆಗಾರರೂ ಆದ ಕೆ.ಎನ್. ಗಣೇಶಯ್ಯ ಬೇರೆ ವಿವರಣೆ ಕೊಡುತ್ತಾರೆ. 14ನೇ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ತಲಕಾಡಿನ ಮೇಲ್ಭಾಗದಲ್ಲಿ ಕಾವೇರಿಗೆ ಒಂದು ಕಟ್ಟೆ ಕಟ್ಟಿದರು. ಮಾಧವಮಂತ್ರಿ ಕಟ್ಟೆ ಅಂತ ಅದರ ಹೆಸರು. ಕಟ್ಟೆಯ ಕೆಳಗೆ ಬೇಸಗೆಯಲ್ಲಿ ನೀರು ಇಳಿಯಿತು, ನದಿಪಾತ್ರದ ಮರಳು ಒಣಗಿ ಬಯಲಾಯಿತು, ಗಾಳಿ ಅದನ್ನು ಎತ್ತಿ ತಂದು ಊರಿನ ಮೇಲೆ ಸುರಿಯಿತು. ಇದು ಅವರ ವಾದದ ತಿರುಳು. ನದಿ ತನ್ನ ದಾರಿ ಬದಲಿಸಿದ್ದೇ ಮುಖ್ಯ ಕಾರಣ ಅನ್ನುವ ಭೂವಿಜ್ಞಾನಿಗಳೂ ಇದ್ದಾರೆ. ಆ ಚರ್ಚೆ ಬಹಳ ಉದ್ದ. ನನಗೆ ಇವತ್ತು ಬೇಕಾಗಿರೋದು ಬೇರೆ: ಮರಳು ಬರುತ್ತಿದ್ದಾಗ ಅಲ್ಲಿದ್ದ ಜನ ಏನು ಮಾಡಿದರು?

ಅದಕ್ಕೆ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲಿ ಒಂದು ಅಪರೂಪದ ವಿವರ ಸಿಗುತ್ತೆ. 1897ರಲ್ಲಿ ಪರಿಷ್ಕೃತ ಆವೃತ್ತಿ ಬಂದ ಪುಸ್ತಕ ಅದು. ಮರಳಿನ ದಿಬ್ಬಗಳು ವರ್ಷಕ್ಕೆ 9ರಿಂದ 10 ಅಡಿಯಷ್ಟು ಊರಿನ ಕಡೆಗೆ ಸರಿಯುತ್ತಿದ್ದವು, ಅದೂ ಮುಖ್ಯವಾಗಿ ಮುಂಗಾರು ಗಾಳಿಯ ಕಾಲದಲ್ಲಿ. ಮೂರೂ ಕಡೆಯಿಂದ ಮರಳು ಒತ್ತುತ್ತಿದ್ದರಿಂದ ಜನ ಮತ್ತೆ ಮತ್ತೆ ಮನೆ ಬಿಟ್ಟು ಹಿಂದಕ್ಕೆ ಸರಿಯಬೇಕಾಗುತ್ತಿತ್ತು. 30ಕ್ಕೂ ಹೆಚ್ಚು ದೇವಾಲಯಗಳು ಮರಳಿನಡಿ ಇವೆ ಅಂತಲೂ ಅಲ್ಲಿ ಬರೆದಿದೆ.

ಇಷ್ಟು ಓದಿದರೆ ಊರು ಖಾಲಿಯಾಗಿರಬೇಕು ಅನಿಸುತ್ತೆ, ಅಲ್ವಾ? ಆದರೆ ಅದೇ ಗೆಜೆಟಿಯರ್ ಹೇಳೋದು ಇನ್ನೊಂದು: ತಲಕಾಡಿನ ಜನಸಂಖ್ಯೆ ಹೆಚ್ಚಾಗುತ್ತಿತ್ತು! ಕಾರಣವನ್ನೂ ಕೊಟ್ಟಿದೆ. ಮಾಧವಮಂತ್ರಿ ಕಟ್ಟೆಯಿಂದ ಹೊರಟ ನಾಲೆ ಸುತ್ತಲಿನ ಗದ್ದೆಗಳಿಗೆ ನೀರು ಕೊಡುತ್ತಿತ್ತು. ಬತ್ತದ ಬೆಳೆ ಚೆನ್ನಾಗಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಗಣೇಶಯ್ಯನವರ ವಾದ ಒಪ್ಪಿದರೆ, ಯಾವ ಕಟ್ಟೆ ಊರಿನ ಮೇಲೆ ಮರಳು ತಂದಿತೋ ಅದೇ ಕಟ್ಟೆ ಊರಿನವರಿಗೆ ಅನ್ನವನ್ನೂ ಕೊಡುತ್ತಿತ್ತು. ಹಿತ್ತಲಲ್ಲಿ ಮರಳು, ಮುಂದೆ ಗದ್ದೆ. ಜನ ಏನು ಮಾಡಿದರು? ಹತ್ತು ಹತ್ತು ಅಡಿ ಹಿಂದೆ ಸರಿದರು, ಗದ್ದೆ ಬಿಡಲಿಲ್ಲ. ಹೊರಗಿನಿಂದ ನೋಡುವವರಿಗೆ ಇದು ಹಟ ಅಂತ ಕಾಣಬಹುದು. ಒಳಗಿದ್ದವರಿಗೆ ಅದು ನೇರ ಲೆಕ್ಕ. ಮನೆ ಹೋದರೆ ಇನ್ನೊಂದು ಕಟ್ಟಬಹುದು, ನೀರಾವರಿ ಭೂಮಿ ಹೋದರೆ ಬದುಕು ಕಟ್ಟೋದು ಹೇಗೆ?

ಪಂಚಲಿಂಗ ದರ್ಶನಕ್ಕೆ, 2013ರಲ್ಲಿ ಮತ್ತು 2020ರಲ್ಲಿ ನಡೆಯಿತಲ್ಲ, ಆಗ ಮರಳಲ್ಲಿ ನಡೆದು ಹೋದವರು ನಮ್ಮಲ್ಲಿ ಅನೇಕರಿದ್ದಾರೆ. ಮುಂದಿನ ಸಲ ಹೋದಾಗ ದೇವಾಲಯಗಳ ಜೊತೆಗೆ ಪಕ್ಕದಲ್ಲಿ ಈಗಲೂ ಹಸಿರಾಗಿರುವ ಗದ್ದೆಗಳ ಕಡೆಗೂ ಒಮ್ಮೆ ನೋಡಿ. ಊರು ಯಾಕೆ ಉಳಿಯಿತು ಅನ್ನೋದಕ್ಕೆ ಉತ್ತರ ಅಲ್ಲಿದೆ.

ಕರೆದು ಕೂರಿಸಿದ ಊರು

ಇದೇ ತಾಲ್ಲೂಕಿನಲ್ಲಿ ಇನ್ನೊಂದು ಥರದ ಊರೂ ಇದೆ. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ, 13ನೇ ಶತಮಾನದಲ್ಲಿ ತನ್ನ ಹೆಸರಿನಲ್ಲೇ ಒಂದು ಅಗ್ರಹಾರ ಕಟ್ಟಿಸಿದ. ಶಾಸನಗಳಲ್ಲಿ ಅದರ ಹೆಸರು ವಿದ್ಯಾನಿಧಿ ಪ್ರಸನ್ನ ಸೋಮನಾಥಪುರ. ನಡುವೆ ಕೇಶವ ದೇವಾಲಯ, ಸುತ್ತ ವಿದ್ವಾಂಸ ಬ್ರಾಹ್ಮಣರಿಗೆ ಹಂಚಿದ ಮನೆ ಮತ್ತು ಭೂಮಿ.

ಇಲ್ಲಿಗೆ ಬಂದು ನೆಲೆಸಿದವರು ಮನೆ ಹುಡುಕಿ ಅಲೆಯಬೇಕಾಗಿರಲಿಲ್ಲ. ಎಲ್ಲಿ ಇರಬೇಕು, ಯಾರ ಪಕ್ಕ ಇರಬೇಕು, ಊಟಕ್ಕೆ ಯಾವ ಹೊಲದ ಬತ್ತ ಬರಬೇಕು ಅನ್ನೋದೆಲ್ಲ ಮೊದಲೇ ಕಲ್ಲಿನಲ್ಲಿ ಬರೆದಾಗಿತ್ತು. ಆ ಹೊಲ ಉಳುವವರು ಮತ್ತು ಆ ಗುಡಿಯ ಕಲ್ಲು ಹೊತ್ತವರು ಎಲ್ಲಿ ಮಲಗುತ್ತಿದ್ದರು ಅನ್ನೋದಕ್ಕೆ ಮಾತ್ರ ಅಂಥ ವಿವರವಾದ ಹಂಚಿಕೆ ಪತ್ರ ಇಲ್ಲ.

ಇವತ್ತು ದೇವಾಲಯ ನೋಡೋದಕ್ಕೆ ಪ್ರಪಂಚದಿಂದ ಜನ ಬರ್ತಾರೆ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಸೋಮನಾಥಪುರವೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸುತ್ತ ಇರುವುದು ಮಾತ್ರ ಒಂದು ಸಾಧಾರಣ ರೈತರ ಹಳ್ಳಿ. ದಂಡನಾಯಕ ಯೋಜಿಸಿದ ಅಗ್ರಹಾರದ ವೈಭವ ಹೋಯಿತು, ನೆಲ ಉಳುವವರು ಉಳಿದರು. ದಾನದ ಮೇಲೆ ನಿಂತ ಊರಿಗೂ ದುಡಿಮೆಯ ಮೇಲೆ ನಿಂತ ಊರಿಗೂ ಇರುವ ವ್ಯತ್ಯಾಸ ಇದು.

ಹಳ್ಳದಕೇರಿ: ಹೆಸರಲ್ಲೇ ಇರುವ ಎಚ್ಚರಿಕೆ

ಈಗ ಕಪಿಲೆಯ ದಡಕ್ಕೆ, ನಂಜನಗೂಡಿಗೆ ಬರೋಣ. ಊರಿನ ಹೆಸರಲ್ಲೇ ‘ಗೂಡು’ ಇದೆ, ನಂಜುಂಡನ ಗೂಡು. ಶ್ರೀಕಂಠೇಶ್ವರನ ದೇವಾಲಯ, ಐದು ತೇರುಗಳ ದೊಡ್ಡ ಜಾತ್ರೆ, ನದಿಗೆ ಇಳಿಯುವ ಸೋಪಾನ. 1735ರಲ್ಲಿ ದಳವಾಯಿ ದೇವರಾಜಯ್ಯ ಕಪಿಲೆಗೆ ಕಟ್ಟಿಸಿದ ಕಲ್ಲಿನ ಸೇತುವೆ ಇನ್ನೂ ಇದೆ. ಒಂದು ಕಾಲದಲ್ಲಿ ಅದರ ಮೇಲೆ ಗಾಡಿಯೂ ಹೋಗುತ್ತಿತ್ತು, ರೈಲೂ ಹೋಗುತ್ತಿತ್ತು.

ದೇವಸ್ಥಾನದ ಊರು ಅಂದರೆ ದೇವಸ್ಥಾನವನ್ನು ನಂಬಿ ಬದುಕುವವರ ಊರು. ಹೂ ಕಟ್ಟುವವರು, ತೆಂಗಿನಕಾಯಿ ಮಾರುವವರು, ಮುಡಿ ತೆಗೆಯುವವರು, ಬಟ್ಟೆ ಒಗೆಯುವವರು, ದೋಣಿಯವರು. ಇವರ ಕೆಲಸ ಇರೋದು ನದಿ ಮತ್ತು ಗುಡಿಯ ಹತ್ತಿರ. ಮನೆಯೂ ಅಲ್ಲೇ ಆಯಿತು. ಎತ್ತರದ ನೆಲ ಮೊದಲು ಬಂದವರಿಗೆ ಮತ್ತು ಉಳ್ಳವರಿಗೆ ಹೋಯಿತು. ಉಳಿದವರಿಗೆ ಉಳಿದದ್ದು ತಗ್ಗು. ಇದು ನಂಜನಗೂಡಿನ ಕಥೆ ಮಾತ್ರ ಅಲ್ಲ, ಹೊಳೆ ದಡದ ಯಾವ ಊರಿಗೆ ಹೋದರೂ ಹೀಗೇ ಇರುತ್ತೆ.

2018ರ ಮತ್ತು 2019ರ ಆಗಸ್ಟ್ ನಿಮಗೆ ನೆನಪಿರಬಹುದು. ವಯನಾಡಿನಲ್ಲಿ ಮಳೆ ಸುರಿಯಿತು, ಕಬಿನಿ ಜಲಾಶಯದಿಂದ ಹೊರಬಿಡುವ ನೀರು ಏರುತ್ತಾ ಹೋಯಿತು. ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿತು, ಪರಶುರಾಮ ದೇವಸ್ಥಾನಕ್ಕೆ ನೀರು ನುಗ್ಗಿತು. ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿ ಮೇಲೆ ನೀರು ಹರಿದು ಮೈಸೂರಿನ ಕಡೆಯ ಸಂಚಾರ ನಿಂತಿತು. ಊರೊಳಗೆ ಮನೆಗಳಿಗೆ ನೀರು ನುಗ್ಗಿದ ಬಡಾವಣೆಗಳ ಹೆಸರು ಸುದ್ದಿಯಲ್ಲಿ ಬಂತು: ಹಳ್ಳದಕೇರಿ, ಒಕ್ಕಲಗೇರಿ, ತೋಪಿನ ಬೀದಿ, ಸರಸ್ವತಿ ಕಾಲೊನಿ.

ಮೊದಲನೆಯ ಹೆಸರನ್ನು ಇನ್ನೊಮ್ಮೆ ಹೇಳಿ ನೋಡಿ. ಹಳ್ಳದ ಕೇರಿ. ಇಲ್ಲಿ ಹಳ್ಳ ಇದೆ ಅಂತ ಹೆಸರಿಟ್ಟವರಿಗೆ ಗೊತ್ತಿತ್ತು. ಮೈಸೂರಿನಲ್ಲೂ ಒಂದು ಹಳ್ಳದಕೇರಿ ಇತ್ತು. ಈಗ ಅದು ಮಹಾವೀರ ನಗರ. ಹೊಸ ಹೆಸರುಗಳ ಮೇಲೆ ನನಗೇನೂ ತಕರಾರಿಲ್ಲ. ಆದರೆ ಹಳೆಯ ಹೆಸರು ಹೋದಾಗ ಅದರ ಜೊತೆ ಒಂದು ಮಾಹಿತಿಯೂ ಹೋಗುತ್ತೆ. ಕೆರೆ, ಕಟ್ಟೆ, ಹಳ್ಳ, ದಿಣ್ಣೆ, ಕೊಪ್ಪಲು ಅನ್ನುವ ಪದಗಳು ಆ ನೆಲದ ಸ್ವಭಾವ ಹೇಳುತ್ತಿದ್ದವು. ಯಾವುದೋ ನಗರ, ಯಾವುದೋ ಲೇಔಟ್ ಅನ್ನುವ ಹೆಸರು ನೆಲದ ಬಗ್ಗೆ ಏನೂ ಹೇಳಲ್ಲ.

ಪ್ರವಾಹ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತೆ. ‘ಪ್ರತಿ ಸಲ ಮುಳುಗ್ತಾರೆ, ಯಾಕೆ ಅಲ್ಲೇ ಇರ್ತಾರೆ? ಬೇರೆ ಕಡೆ ಹೋಗಬಾರದಾ?’ ಈ ಮಾತಿಗೆ ಉತ್ತರ ತಲಕಾಡಿನಲ್ಲಿ ಸಿಕ್ಕಿತ್ತಲ್ಲ. ತಲಕಾಡಿನ ರೈತನಿಗೆ ಗದ್ದೆ ಹೇಗೋ ಹಾಗೆ ನಂಜನಗೂಡಿನ ಹೂವಾಡಗಿತ್ತಿಗೆ ಗುಡಿಯ ಬಾಗಿಲು. ಊರಾಚೆ ನಾಲ್ಕೈದು ಕಿಲೋಮೀಟರ್ ದೂರದಲ್ಲಿ ಒಂದು ಮನೆ ಕೊಟ್ಟರೆ ಬೆಳಗಿನ ಜಾವದ ಪೂಜೆಗೆ ಆಕೆ ಬುಟ್ಟಿ ಹೊತ್ತು ಬರೋದು ಹೇಗೆ? ಆ ಹೊತ್ತಿಗೆ ಬಸ್ ಇದೆಯಾ? ಆಟೊಗೆ ಕೊಟ್ಟರೆ ಸಂಪಾದನೆಯಲ್ಲಿ ಏನು ಉಳೀತು? ಮುಳುಗುವ ಕೇರಿಯ ಜನರಿಗೆ ಎತ್ತರದ ನೆಲ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಲಸದಿಂದ ದೂರ ಕೊಟ್ಟ ಮನೆಗೆ ಬೀಗ ಹಾಕಿ ಜನ ಮತ್ತೆ ಹೊಳೆದಂಡೆಗೆ ಬಂದರೆ ಅದು ಅವರ ತಿಳಿಗೇಡಿತನ ಅಲ್ಲ. ಮನೆ ಕೊಟ್ಟವರು ಅರ್ಧ ಲೆಕ್ಕ ಮಾತ್ರ ಹಾಕಿದ್ದರು ಅಂತ ಅರ್ಥ.

ಮೈಸೂರಿಗೆ ಹೊರಟವರು

ಈ ಎರಡೂ ತಾಲ್ಲೂಕಿನವರಿಗೆ ‘ಹೊಸ ನಗರ’ ಅಂದರೆ ಮೊದಲು ಮೈಸೂರು. ನಂಜನಗೂಡಿನಿಂದ ಸುಮಾರು 25 ಕಿಲೋಮೀಟರ್, ನರಸೀಪುರದಿಂದ 30 ಕಿಲೋಮೀಟರ್ ಚಿಲ್ಲರೆ. 1890ರ ದಶಕದಲ್ಲಿ ಮೈಸೂರು–ನಂಜನಗೂಡು ರೈಲು ಶುರುವಾದ ಮೇಲೆ ದಾರಿ ಇನ್ನೂ ಹತ್ತಿರವಾಯಿತು.

ಅದೇ ದಶಕದ ಕೊನೆಗೆ ಮೈಸೂರು ದೊಡ್ಡ ಪೆಟ್ಟು ತಿಂದಿತು. 1897ರಲ್ಲಿ ಹಳೆಯ ಅರಮನೆಗೆ ಬೆಂಕಿ ಬಿತ್ತು, ಅದರ ಬೆನ್ನಿಗೇ ಪ್ಲೇಗ್ ಬಂತು. ಕೋಟೆಯೊಳಗಿನ ಇಕ್ಕಟ್ಟು ಮನೆಗಳು, ಗಾಳಿ ಬೆಳಕಿಲ್ಲದ ಕೇರಿಗಳು, ತೆರೆದ ಚರಂಡಿಗಳು ಅಪಾಯದ ಜಾಗಗಳಾಗಿ ಕಂಡವು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಬಂತು. ದೇಶದಲ್ಲೇ ಮೊದಮೊದಲು ಹುಟ್ಟಿದ ಇಂಥ ಸಂಸ್ಥೆಗಳಲ್ಲಿ ಅದೂ ಒಂದು. ಲಕ್ಷ್ಮೀಪುರಂ, ಆಗಿನ ದಿವಾನ ಪಿ.ಎನ್. ಕೃಷ್ಣಮೂರ್ತಿ ಅವರ ಹೆಸರಿನ ಕೃಷ್ಣಮೂರ್ತಿಪುರಂನಂಥ ಬಡಾವಣೆಗಳು ಬೆಳೆದವು. ಅಗಲ ರಸ್ತೆ, ಸಾಲುಮರ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಮೈಸೂರಿನವರಿಗೆ ಈ ‘ಕನ್ಸರ್ವೆನ್ಸಿ’ ಅನ್ನೋ ಪದ ಕನ್ನಡದ್ದೇ ಆಗಿಹೋಗಿದೆ.

ಆ ಗಲ್ಲಿ ಯಾಕೆ ಬೇಕಿತ್ತು? ಮುಂಬಾಗಿಲಿಗೆ ಬರಬಾರದು ಅಂತ ಸಮಾಜ ತೀರ್ಮಾನಿಸಿದ್ದ ಜನ ಹಿಂಬಾಗಿಲಿಂದ ಬಂದು ಮಲ ಹೊತ್ತುಕೊಂಡು ಹೋಗಲಿ ಅಂತ. ಆರೋಗ್ಯದ ನಕ್ಷೆಯೊಳಗೇ ಜಾತಿಯ ನಕ್ಷೆಯೂ ಇತ್ತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲೂ ನಿವೇಶನ ಹಂಚುವಾಗ ಜಾತಿವಾರು ವಿಂಗಡಣೆ ಇತ್ತು.

ಹಾಗಾದರೆ ನಂಜನಗೂಡು, ನರಸೀಪುರದ ಹಳ್ಳಿಗಳಿಂದ ಓದೋದಕ್ಕೆ ಬಂದ ಹುಡುಗರು ಮೈಸೂರಿನಲ್ಲಿ ಎಲ್ಲಿ ಇಳಿದುಕೊಂಡರು? ಬಾಡಿಗೆಗೆ ದುಡ್ಡಿಲ್ಲ, ದುಡ್ಡಿದ್ದರೂ ಎಲ್ಲರಿಗೂ ಮನೆ ಕೊಡುವವರಿಲ್ಲ. ಅನೇಕರಿಗೆ ಮೈಸೂರಿನ ಮೊದಲ ವಿಳಾಸ ಒಂದು ಹಾಸ್ಟೆಲ್ಲು. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿಗೆ ಬಂದ ಹಳ್ಳಿ ಹುಡುಗರಿಗೆ ಉಚಿತ ಊಟ, ವಸತಿ ಶುರುಮಾಡಿದರು. 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠ ಸ್ಥಾಪಿಸಿದವರೂ ಅವರೇ. ಆದಿಕರ್ನಾಟಕ ಮಕ್ಕಳಿಗಾಗಿ ನಡೆದ ವಿದ್ಯಾರ್ಥಿನಿಲಯಗಳ ಚರಿತ್ರೆಯಲ್ಲಿ ತಲಕಾಡು ರಂಗೇಗೌಡರ ಹೆಸರನ್ನು ಮೈಸೂರಿನ ಹಳಬರು ಈಗಲೂ ಗೌರವದಿಂದ ಹೇಳುತ್ತಾರೆ. ಮರಳು ಮುಚ್ಚಿದ ಊರಿನ ಹೆಸರು ಹೊತ್ತ ಮೇಷ್ಟ್ರು, ಇರಲು ಜಾಗ ಸಿಗದ ಮಕ್ಕಳ ಪರ ನಿಂತರು.

ನಂಜನಗೂಡಿನಿಂದ ರೈಲಿನಲ್ಲಿ ಬಂದರೆ ಮೈಸೂರು ಸೇರುವ ಮೊದಲು ಅಶೋಕಪುರಂ ನಿಲ್ದಾಣ ಸಿಗುತ್ತೆ. ಆ ಬಡಾವಣೆಯ ಹೆಸರಿನ ಚರಿತ್ರೆಯನ್ನೇ ನೋಡಿ. ಮೊದಲು ಜಾತಿಯ ಹೆಸರು ಹಿಡಿದು ಕರೆಯುತ್ತಿದ್ದ ಕೇರಿ. ಆಮೇಲೆ ಆದಿಕರ್ನಾಟಕಪುರ. ಅದರ ನಂತರ ಅಶೋಕಪುರಂ. ಹಳ್ಳದಕೇರಿಯ ವಿಷಯದಲ್ಲಿ ಹಳೆಯ ಹೆಸರು ಹೋದದ್ದರಿಂದ ಒಂದು ಮಾಹಿತಿ ಹೋಯಿತು ಅಂದೆ. ಇಲ್ಲಿ ಹಾಗಲ್ಲ. ಇಲ್ಲಿ ಹೆಸರು ಬದಲಾದದ್ದೇ ಒಂದು ಗೆಲುವು. ಬೇರೆಯವರು ಗುರುತಿಸಿ ಕೊಟ್ಟ ಜಾಗವನ್ನು ಅಲ್ಲಿನವರು ತಮ್ಮ ಊರು ಮಾಡಿಕೊಂಡು, ಅದಕ್ಕೆ ಬೌದ್ಧ ಚಕ್ರವರ್ತಿಯ ಹೆಸರಿಟ್ಟು, ವಿದ್ಯಾವಂತರನ್ನೂ ಹೋರಾಟಗಾರರನ್ನೂ ಬೆಳೆಸಿದರು. ಸುತ್ತಲ ತಾಲ್ಲೂಕುಗಳಿಂದ ಬಂದ ನೆಂಟರಿಷ್ಟರಿಗೆ ಅದು ನಗರದೊಳಗಿನ ಧೈರ್ಯದ ಜಾಗವಾಯಿತು.

ಇವತ್ತಿನ ಮನೆ ಹುಡುಕಾಟ

ಈಗ ದಾರಿ ಎರಡೂ ಕಡೆಗಿದೆ. ನಂಜನಗೂಡು, ತಾಂಡ್ಯ, ತಾಂಡವಪುರ, ಕಡಕೊಳದ ಕಡೆ ಕೈಗಾರಿಕೆಗಳು ಬಂದವು. ಮೈಸೂರಿನಲ್ಲಿ ಮನೆ ಮಾಡಿ ದಿನಾ ನಂಜನಗೂಡಿಗೆ ಕೆಲಸಕ್ಕೆ ಹೋಗುವವರು ಒಂದು ಕಡೆ, ನಂಜನಗೂಡಿನ ಹಳ್ಳಿಯಲ್ಲಿ ಮನೆ ಇಟ್ಟುಕೊಂಡು ಮೈಸೂರಿಗೆ ಹೋಗಿ ಬರುವವರು ಇನ್ನೊಂದು ಕಡೆ. ಬೆಳಗಿನ ಬಸ್ಸುಗಳು ಎರಡೂ ದಿಕ್ಕಿಗೆ ತುಂಬಿರುತ್ತವೆ. ಇದರ ಜೊತೆಗೆ ಉತ್ತರದ, ಪೂರ್ವದ ರಾಜ್ಯಗಳಿಂದ ಬಂದ ಕಾರ್ಮಿಕರು. ಅವರೂ ಕೇಳೋದು ಅದೇ ಪ್ರಶ್ನೆ: ಎಲ್ಲಿ ರೂಮ್ ಸಿಗುತ್ತೆ?

ನಾನು ಗಮನಿಸಿದ ಹಾಗೆ ನಂಜನಗೂಡಿನ ಕಡೆಯವರು ಮೈಸೂರಿನಲ್ಲಿ ಮನೆ ನೋಡೋದು ಹೆಚ್ಚಾಗಿ ನಗರದ ದಕ್ಷಿಣಕ್ಕೆ, ನಂಜನಗೂಡು ರಸ್ತೆಯ ಆಸುಪಾಸಿನಲ್ಲಿ. ನರಸೀಪುರದವರು ಪೂರ್ವದ ಕಡೆ, ನರಸೀಪುರ ರಸ್ತೆ ಹೊರಡುವ ಭಾಗದಲ್ಲಿ. ಇದರಲ್ಲಿ ಒಂದು ಜಾಣತನ ಇದೆ. ಊರಿನಿಂದ ಅಕ್ಕಿ ಮೂಟೆ ಬರಬೇಕು, ಅಪ್ಪನಿಗೆ ಹುಷಾರಿಲ್ಲ ಅಂದರೆ ರಾತ್ರಿಯೇ ಹೊರಡಬೇಕು, ಹಬ್ಬಕ್ಕೆ ಹೋಗಬೇಕು. ಹಳೆಯ ಊರಿನ ದಾರಿ ತೆರೆದಿರುವ ಕಡೆ ಹೊಸ ಮನೆ. ತಲಕಾಡಿನವರು ಗದ್ದೆ ಕಾಣುವಷ್ಟು ದೂರಕ್ಕೆ ಮಾತ್ರ ಸರಿದಿದ್ದರಲ್ಲ, ಇದೂ ಅದೇ ಥರದ ಲೆಕ್ಕ.

ಆದರೆ ಎಲ್ಲರಿಗೂ ಇಷ್ಟು ಆಯ್ಕೆ ಇಲ್ಲ. ‘ಸಸ್ಯಾಹಾರಿಗಳಿಗೆ ಮಾತ್ರ’ ಅನ್ನೋ ಬೋರ್ಡು ಇನ್ನೂ ಇದೆ. ಬೋರ್ಡು ಇಲ್ಲದ ಕಡೆ ‘ನಿಮ್ಮ ಕಡೆಯವರು ಯಾರು?’ ಅನ್ನೋ ಪ್ರಶ್ನೆ ಇದೆ. ಹೆಸರು ಹೇಳಿದ ಮೇಲೆ ‘ಮನೆ ನಿನ್ನೆ ತಾನೇ ಹೋಯ್ತು’ ಅನ್ನುವ ಉತ್ತರ ಇದೆ. ಸೋಮನಾಥಪುರದ ದಂಡನಾಯಕ ಯಾರು ಎಲ್ಲಿರಬೇಕು ಅಂತ ಕಲ್ಲಲ್ಲಿ ಬರೆಸಿದ. ಈಗ ಫೋನಿನಲ್ಲೇ ಆ ಕೆಲಸ ಮುಗಿಯುತ್ತೆ. ಹೀಗೆ ಬಾಗಿಲು ಮುಚ್ಚಿಸಿಕೊಂಡ ಕುಟುಂಬ ಕೊನೆಗೆ ಹೋಗೋದೆಲ್ಲಿಗೆ? ಯಾರೂ ಪ್ರಶ್ನೆ ಕೇಳದ ಕಡೆಗೆ. ಅದು ಹೆಚ್ಚಿನ ಸಲ ತಗ್ಗಿನ ಜಾಗ, ರಾಜಕಾಲುವೆ ಪಕ್ಕದ ಜಾಗ, ಕೆರೆ ಅಂಚಿನ ಜಾಗ. ಮಳೆ ಬಂದಾಗ ನೀರು ಜಾತಿ ನೋಡಲ್ಲ ಅಂತ ನಾವು ಹೇಳ್ತೀವಿ. ನೀರು ನೋಡಲ್ಲ, ನಿಜ. ಆದರೆ ನೀರು ಬರುವ ಜಾಗಕ್ಕೆ ಯಾರು ಹೋಗಬೇಕು ಅಂತ ಅದಕ್ಕೂ ಮೊದಲೇ ಯಾರೋ ನೋಡಿರ್ತಾರೆ.

ಹಾಗಾಗಿ ಹೊಸ ಊರಿನಲ್ಲಿ ಮನೆ ಹುಡುಕುವವರಿಗೆ ಈ ಚರಿತ್ರೆಯಿಂದ ನನಗೆ ತೋಚಿದ್ದು ಇಷ್ಟು. ಆ ಬೀದಿಗೆ ಹಳೆಯ ಹೆಸರು ಏನಿತ್ತು ಅಂತ ಕೇಳಿ. ಅಂಗಡಿಯ ಹಿರಿಯರನ್ನು, ಹಾಲಿನವರನ್ನು ಕೇಳಿದರೆ ಹೇಳ್ತಾರೆ. 2018, 2019ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳಿ, ಗೋಡೆ ಮೇಲೆ ಕೈಯಿಟ್ಟು ತೋರಿಸುವವರು ಸಿಗ್ತಾರೆ. ಸಾಧ್ಯವಾದರೆ ಮಳೆಗಾಲದಲ್ಲಿ ಹೋಗಿ ನೋಡಿ, ಬೇಸಗೆಯಲ್ಲಿ ಎಲ್ಲ ಬೀದಿಯೂ ಚೆನ್ನಾಗಿರುತ್ತೆ. ಕೆಲಸದ ಜಾಗಕ್ಕೆ ಮೊದಲ ಬಸ್ಸು ಎಷ್ಟು ಹೊತ್ತಿಗೆ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಇದನ್ನು ಬಾಡಿಗೆಯ ಜೊತೆಗೇ ಲೆಕ್ಕ ಹಾಕಿ.

ಮನೆ ಕೊಡುವ ಜಾಗದಲ್ಲಿ ಇರುವವರಿಗೂ ಒಂದು ಮಾತು. ನೀವು ಮಾಲೀಕರಾಗಿರಬಹುದು, ಪುನರ್ವಸತಿಗೆ ನಿವೇಶನ ಗುರುತಿಸುವ ಅಧಿಕಾರಿಯಾಗಿರಬಹುದು. ಸಂಗಮದ ದಡದಲ್ಲಿ ಮಣ್ಣಿನ ದಿಂಬು ಮಾಡಿಕೊಂಡವರಿಂದ ಹಿಡಿದು ಇವತ್ತಿನ ಕಾರ್ಖಾನೆ ಹುಡುಗನವರೆಗೆ ಜನ ಕೇಳಿದ್ದು ಕುಡಿಯಲು ನೀರು, ಹತ್ತಿರದಲ್ಲಿ ದುಡಿಮೆ, ನೆಮ್ಮದಿಯ ನಿದ್ದೆ. ಇದರಲ್ಲಿ ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಂಡರೆ ಊರು ನಿಲ್ಲಲ್ಲ.

ನಿಮ್ಮ ಬೀದಿಗೆ ಹಳೆಯ ಹೆಸರು ಇದ್ದರೆ, ಅದರ ಹಿಂದೆ ಒಂದು ಕಥೆ ಇದ್ದರೆ, ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಇನ್ನೊಂದು ಊರು, ಇನ್ನೊಂದು ಚರಿತ್ರೆಯ ಜೊತೆ ಸಿಗೋಣ.